ಬಿದ್ದರೆ ಟ್ರಾವೆಲ್ ಅಲ್ಲ, ಚೆಂಡು ಹಿಡಿದು ಎದ್ದರೆ ಟ್ರಾವೆಲ್

ಚೆಂಡು ಹಿಡಿದುಕೊಂಡು ನೆಲಕ್ಕೆ ಬಿದ್ದರೆ ಟ್ರಾವೆಲ್, ಅಂದರೆ ಚೆಂಡು ಹಿಡಿದು ಮಿತಿ ಮೀರಿ ಕಾಲು ಸರಿಸಿದ ತಪ್ಪು. ನಮ್ಮ ಬಳ್ಳಾರಿ, ರಾಯಚೂರು, ಕೊಪ್ಪಳ ಕಡೆಯ ಬಾಸ್ಕೆಟ್‌ಬಾಲ್ ಅಂಗಳಗಳಲ್ಲಿ ಇದನ್ನು ನಂಬುವವರು ಬಹಳ ಜನ. ಹುಡುಗನೊಬ್ಬ ಜಾರಿ ಬೀಳುತ್ತಾನೆ, ಚೆಂಡು ಎದೆಗೆ ಅವುಚಿಕೊಂಡಿರುತ್ತಾನೆ. ಎದುರು ತಂಡದ ಬೆಂಚಿನಿಂದ ‘ಸಾರ್, ಟ್ರಾವೆಲ್!’ ಅಂತ ಕೂಗು ಏಳುತ್ತದೆ. ಸೀಟಿ ಊದುತ್ತದೆ. ರೆಫ್ರಿ ಎರಡೂ ಮುಷ್ಟಿ ತಿರುಗಿಸಿ ತೋರಿಸುತ್ತಾರೆ. ಚೆಂಡು ಎದುರಾಳಿಗೆ ಹೋಗುತ್ತದೆ. ಬಿದ್ದ ಹುಡುಗ ಮೊಣಕೈ ಒರೆಸಿಕೊಂಡು ಎದ್ದು ಹೋಗುತ್ತಾನೆ. ಅವನಿಗೂ ಅದು ತನ್ನದೇ ತಪ್ಪು ಅನ್ನಿಸಿರುತ್ತದೆ.

ಅದು ತಪ್ಪೇ ಅಲ್ಲ. ನಿಯಮ ಪುಸ್ತಕ ಇದನ್ನು ಸ್ಪಷ್ಟವಾಗಿ ಹೇಳುತ್ತದೆ.

ಭಾರತದಲ್ಲಿ ಬಾಸ್ಕೆಟ್‌ಬಾಲ್ ನಡೆಯುವುದು ಅಂತರರಾಷ್ಟ್ರೀಯ ಸಂಸ್ಥೆ ಫಿಬಾದ ನಿಯಮಗಳ ಮೇಲೆ. ಅದರ 25ನೇ ವಿಧಿ ಪೂರ್ತಿ ಟ್ರಾವೆಲಿಂಗ್‌ಗೇ ಮೀಸಲು. ಅದರೊಳಗೆ ಬೀಳುವ, ಮಲಗಿರುವ, ಕೂತಿರುವ ಆಟಗಾರನ ಬಗ್ಗೆ ಒಂದು ಪುಟ್ಟ ಭಾಗ ಇದೆ. ಎರಡೇ ಮಾತು. ಮೊದಲನೆಯದು: ಚೆಂಡು ಹಿಡಿದಿರುವ ಆಟಗಾರ ಬಿದ್ದು ನೆಲದ ಮೇಲೆ ಜಾರಿದರೆ ಅದು ಸರಿ, ನೆಲದ ಮೇಲೆ ಮಲಗಿದ್ದಾಗಲೋ ಕೂತಿದ್ದಾಗಲೋ ಚೆಂಡು ಕೈಗೆ ಸಿಕ್ಕರೆ ಅದೂ ಸರಿ. ಎರಡನೆಯದು: ಆಮೇಲೆ ಚೆಂಡು ಹಿಡಿದುಕೊಂಡೇ ಉರುಳಿದರೆ ಅಥವಾ ಎದ್ದು ನಿಲ್ಲಲು ನೋಡಿದರೆ ತಪ್ಪು. ಇಷ್ಟೇ.

ಫಿಬಾ ಈ ನಿಯಮಕ್ಕೆ ಉದಾಹರಣೆಗಳನ್ನೂ ಕೊಟ್ಟಿದೆ. ಚೆಂಡು ಹಿಡಿದವನು ಸಮತೋಲನ ತಪ್ಪಿ ಬೀಳುತ್ತಾನೆ. ತಾನಾಗಿ ಆದ ಬೀಳುವಿಕೆ, ಹಾಗಾಗಿ ತಪ್ಪಿಲ್ಲ. ಬಿದ್ದ ರಭಸಕ್ಕೆ ಮುಂದಕ್ಕೆ ಜಾರುತ್ತಾನೆ. ಅದೂ ತಪ್ಪಿಲ್ಲ. ಒಂದು ಅಡಿ ಜಾರಿದರೆ ಸರಿ, ಮೂರು ಅಡಿ ಜಾರಿದರೆ ತಪ್ಪು ಅನ್ನುವ ಅಳತೆ ನಿಯಮದಲ್ಲಿ ಎಲ್ಲೂ ಇಲ್ಲ. ಮಲಗಿರುವವನು ಅಲ್ಲಿಂದಲೇ ಜೊತೆಗಾರನಿಗೆ ಪಾಸ್ ಕೊಡಬಹುದು. ಮಲಗಿದ್ದಲ್ಲೇ ಡ್ರಿಬಲ್, ಅಂದರೆ ಚೆಂಡನ್ನು ನೆಲಕ್ಕೆ ಪುಟಿಸುವುದು, ಶುರು ಮಾಡಬಹುದು. ಡ್ರಿಬಲ್ ಮಾಡುತ್ತಲೇ ಎದ್ದು ನಿಲ್ಲಲೂಬಹುದು! ಚೆಂಡು ಕೈಯಲ್ಲಿ ಹಿಡಿದು ಎದ್ದರೆ ಮಾತ್ರ ಟ್ರಾವೆಲ್. ಈ ಡ್ರಿಬಲ್ ವಿಷಯ ಎಷ್ಟೋ ಆಟಗಾರರಿಗೆ ಗೊತ್ತೇ ಇರುವುದಿಲ್ಲ. ಗೊತ್ತಿದ್ದರೆ ಅದೊಂದು ದೊಡ್ಡ ಅಸ್ತ್ರ.

ನಿಯಮ ಹೀಗೆ ಯಾಕಿದೆ? ಟ್ರಾವೆಲಿಂಗ್ ಅಂದರೆ ಏನು ಅನ್ನುವುದರಲ್ಲೇ ಉತ್ತರ ಇದೆ. ಚೆಂಡು ಕೈಯಲ್ಲಿ ಇಟ್ಟುಕೊಂಡು, ನಿಯಮ ಬಿಟ್ಟಿರುವ ಮಿತಿ ದಾಟಿ ಕಾಲು ಸರಿಸುವುದೇ ಟ್ರಾವೆಲಿಂಗ್. ಚೆಂಡು ಹೊತ್ತು ಓಡಬಾರದು ಅನ್ನುವುದು ಈ ಆಟದ ಬುನಾದಿ. 1891ರಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಜೇಮ್ಸ್ ನೈಸ್ಮಿತ್ ಈ ಆಟ ಹುಟ್ಟುಹಾಕಿದಾಗ ಬರೆದದ್ದು 13 ನಿಯಮ. ಅದರಲ್ಲಿ ಮೂರನೆಯದೇ ಚೆಂಡು ಹಿಡಿದು ಓಡಬಾರದು, ಹಿಡಿದ ಜಾಗದಿಂದಲೇ ಎಸೆಯಬೇಕು ಅನ್ನುವುದು. ಆದರೆ ಅದೇ ಸಾಲಿನಲ್ಲಿ ನೈಸ್ಮಿತ್ ಒಂದು ವಿನಾಯಿತಿಯನ್ನೂ ಸೇರಿಸಿದ್ದರು. ಜೋರಾಗಿ ಓಡುತ್ತಾ ಚೆಂಡು ಹಿಡಿದವನು ನಿಲ್ಲಲು ಪ್ರಯತ್ನಿಸುತ್ತಿದ್ದರೆ ಅವನಿಗೆ ಸ್ವಲ್ಪ ರಿಯಾಯಿತಿ ಕೊಡಬೇಕು ಅಂತ. ಮನುಷ್ಯನ ಮೈಗೆ ರಭಸ ಇರುತ್ತದೆ, ಅದು ಥಟ್ಟನೆ ನಿಲ್ಲುವುದಿಲ್ಲ ಅನ್ನುವುದನ್ನು ಈ ಆಟ ಮೊದಲ ದಿನದಿಂದಲೇ ಒಪ್ಪಿಕೊಂಡಿದೆ. ಇವತ್ತು ಓಟದಲ್ಲಿ ಚೆಂಡು ಹಿಡಿದವನಿಗೆ ಸಿಗುವ ಎರಡು ಹೆಜ್ಜೆ, ಬಿದ್ದವನಿಗೆ ಸಿಗುವ ಜಾರುವಿಕೆ, ಎರಡೂ ಆ ತಿಳಿವಳಿಕೆಯ ಮಕ್ಕಳೇ.

ಬಿದ್ದವನಿಗೆ ಲಾಭವೇನೂ ಆಗಿಲ್ಲ ಅಲ್ವಾ? ಅವನು ನೆಲದ ಮೇಲಿದ್ದಾನೆ. ಬುಟ್ಟಿ ದೂರವಾಗಿದೆ, ಸುತ್ತ ಎದುರಾಳಿಗಳು ಮುತ್ತಿದ್ದಾರೆ. ಅವನ ಸ್ಥಿತಿ ಮೊದಲಿಗಿಂತ ಕಷ್ಟವಾಗಿದೆ. ಅದಕ್ಕೆ ಮತ್ತೆ ಶಿಕ್ಷೆ ಯಾಕೆ? ಆದರೆ ಅವನು ಚೆಂಡು ಅಪ್ಪಿಕೊಂಡು ಉರುಳಿದರೆ ಮಾತು ಬೇರೆ. ಉರುಳುವುದು ರಭಸದ ಕೆಲಸ ಅಲ್ಲ, ಎದುರಾಳಿಯ ಕೈ ತಪ್ಪಿಸಲು ತಾನೇ ಮಾಡುವ ಕೆಲಸ. ಕಾಲಿನ ಬದಲು ಬೆನ್ನಿನ ಮೇಲೆ ನಡೆದ ಹಾಗೆ. ಎದ್ದು ನಿಲ್ಲುವುದೂ ಅಷ್ಟೇ. ಬಿದ್ದು ಕಳೆದುಕೊಂಡ ಜಾಗವನ್ನು, ಎತ್ತರವನ್ನು ಚೆಂಡು ಕೈಯಲ್ಲೇ ಇಟ್ಟುಕೊಂಡು ವಾಪಸ್ ಪಡೆದಂತೆ. ಮೈ ತಾನಾಗಿ ಹೋದದ್ದಕ್ಕೆ ಕ್ಷಮೆ ಇದೆ, ಬೇಕೆಂದು ಹೋದದ್ದಕ್ಕೆ ಇಲ್ಲ.

ನಮ್ಮ ಕಡೆಯ ಮಕ್ಕಳಿಗೆ ಇಲ್ಲಿ ಒಂದು ವಿಶೇಷ ತೊಡಕಿದೆ. ಬಾಸ್ಕೆಟ್‌ಬಾಲ್ ಅಂಗಳಕ್ಕೆ ಬರುವ ಮೊದಲು ಹೆಚ್ಚಿನವರು ಕಬಡ್ಡಿ ಆಡಿರುತ್ತಾರೆ. ಕಬಡ್ಡಿಯಲ್ಲಿ ಹಿಡಿತಕ್ಕೆ ಸಿಕ್ಕು ಬಿದ್ದ ರೇಡರ್ ಏನು ಮಾಡುತ್ತಾನೆ? ಒದ್ದಾಡುತ್ತಾನೆ, ತೆವಳುತ್ತಾನೆ, ಉರುಳುತ್ತಾನೆ, ಕೈ ಚಾಚಿ ನಡುಗೆರೆ ಮುಟ್ಟುತ್ತಾನೆ. ಅಲ್ಲಿ ಅದೇ ಶೂರತನ. ಊರೆಲ್ಲ ಚಪ್ಪಾಳೆ ಹೊಡೆಯುತ್ತದೆ. ಆ ಚಟುವಟಿಕೆ ಮೈಗೆ ಹತ್ತಿದ ಹುಡುಗ ಬಾಸ್ಕೆಟ್‌ಬಾಲ್‌ನಲ್ಲಿ ಬಿದ್ದ ತಕ್ಷಣ ಅದನ್ನೇ ಮಾಡುತ್ತಾನೆ. ಒಂದು ಹೊರಳು ಹೊರಳಿ ಎದ್ದು ಓಡಲು ನೋಡುತ್ತಾನೆ. ಅಲ್ಲಿ ಊದಿದ ಸೀಟಿ ಸರಿಯಾದದ್ದೇ. ಆದರೆ ಹುಡುಗನಿಗೆ ತಾನು ಬಿದ್ದದ್ದಕ್ಕೆ ಸೀಟಿ ಬಿತ್ತು ಅನ್ನಿಸುತ್ತದೆ, ಎದ್ದದ್ದಕ್ಕೆ ಅಂತ ಅನ್ನಿಸುವುದಿಲ್ಲ. ನೋಡುತ್ತಿರುವ ಉಳಿದ ಮಕ್ಕಳಿಗೂ ಹಾಗೇ ಕಾಣುತ್ತದೆ. ತಪ್ಪು ನಂಬಿಕೆ ಹೀಗೇ ಒಂದು ತಂಡದಿಂದ ಮುಂದಿನ ತಂಡಕ್ಕೆ ಹೋಗುತ್ತದೆ ಅಂತ ನನ್ನ ಅಂದಾಜು. ಸೀಟಿ ಊದಿದ ಮೇಲೆ ಯಾಕೆ ಊದಿದೆ ಅಂತ ಎರಡು ಮಾತು ಹೇಳುವ ರೆಫ್ರಿ ಇದ್ದರೆ ಅಲ್ಲಿಗೇ ನಿಲ್ಲುತ್ತದೆ.

ಇನ್ನು ತುಂಬಾ ಜನರನ್ನು ದಾರಿ ತಪ್ಪಿಸುವ ಸಂಗತಿಗೆ ಬರೋಣ. ಪೂರ್ತಿ ಬಿದ್ದವನು ತಪ್ಪು ಮಾಡಿಲ್ಲ. ಆದರೆ ಬೀಳದೆ ಉಳಿದುಕೊಳ್ಳಲು ತಡವರಿಸಿ ತಡವರಿಸಿ ಹೆಜ್ಜೆ ಹಾಕಿದವನು ತಪ್ಪು ಮಾಡಿರಬಹುದು. ಕೇಳಲು ವಿಚಿತ್ರ ಅನ್ನಿಸುತ್ತದೆ. ಆದರೆ ತರ್ಕ ಸರಿಯಾಗಿದೆ. ನಿಂತಿರುವ ಆಟಗಾರ ಚೆಂಡು ಹಿಡಿದು ಒಂದು ಕಾಲು ಎತ್ತಿದ ಕ್ಷಣಕ್ಕೆ ಇನ್ನೊಂದು ಕಾಲು ಪಿವಟ್ ಆಗುತ್ತದೆ. ಆ ಕಾಲು ನೆಲದಲ್ಲಿ ಅದೇ ಜಾಗದಲ್ಲಿ ಇರಬೇಕು. ಇನ್ನೊಂದು ಕಾಲನ್ನು ಎಷ್ಟು ಸಲ ಬೇಕಾದರೂ, ಯಾವ ಕಡೆಗೆ ಬೇಕಾದರೂ ಇಡಬಹುದು. ಯಾರೋ ಒತ್ತಡ ಹಾಕಿದರು, ಸಮತೋಲನ ತಪ್ಪಿತು, ಪಿವಟ್ ಕಾಲು ಎತ್ತಿ ಇನ್ನೊಂದು ಜಾಗದಲ್ಲಿ ಊರಿದಿರಿ. ನೀವು ಬೀಳಲಿಲ್ಲ ನಿಜ. ಆದರೆ ಚೆಂಡು ಹಿಡಿದು ನಡೆದಿರಿ. ಟ್ರಾವೆಲ್. ಓಟದಲ್ಲಿ ಚೆಂಡು ಹಿಡಿದವನಿಗೂ ಎರಡೇ ಹೆಜ್ಜೆ. ಮುಗ್ಗರಿಸಿ ಮೂರನೇ ಹೆಜ್ಜೆ ಇಟ್ಟು ನಿಂತರೆ, ಮುಗ್ಗರಿಸಿದೆ ಅನ್ನುವುದು ನೆಪ ಆಗುವುದಿಲ್ಲ. ಅದೇ ಎರಡನೇ ಹೆಜ್ಜೆಯಲ್ಲಿ ಕಾಲು ಜಾರಿ ದೊಪ್ಪನೆ ಬಿದ್ದು ಬುಟ್ಟಿಯ ಕೆಳಗೆ ಜಾರಿಕೊಂಡು ಹೋದರೆ ಟ್ರಾವೆಲ್ ಇಲ್ಲ.

ಹಾರುವ ಆಟಗಾರನ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಶಾಟ್ ಹೊಡೆಯಲು ಚೆಂಡು ಹಿಡಿದು ಮೇಲೆ ಹಾರಿದ್ದೀರಿ. ಎದುರಾಳಿಯ ಕೈ ಅಡ್ಡ ಬಂತು, ಚೆಂಡು ಬಿಡಲು ಆಗಲಿಲ್ಲ. ಚೆಂಡು ಕೈಯಲ್ಲೇ ಇರುವಾಗ ಕಾಲು ನೆಲಕ್ಕೆ ತಾಗಿತು. ಟ್ರಾವೆಲ್ ಅಲ್ಲಿಗೇ ಆಯಿತು. ಆಮೇಲೆ ನೀವು ಬಿದ್ದಿರೋ ಇಲ್ಲವೋ ಯಾರೂ ಕೇಳುವುದಿಲ್ಲ. ಆದರೆ ರಿಬೌಂಡ್‌ಗೆ, ಅಂದರೆ ಬುಟ್ಟಿಗೆ ಬೀಳದೆ ಪುಟಿದು ಬಂದ ಚೆಂಡಿಗೆ, ಹಾರಿ ಗಾಳಿಯಲ್ಲೇ ಚೆಂಡು ಹಿಡಿದು, ಕೆಳಗಿಳಿದು, ಸಮತೋಲನ ತಪ್ಪಿ ಬಿದ್ದರೆ? ಅಲ್ಲಿ ಚೆಂಡು ಸಿಕ್ಕಿದ್ದೇ ಗಾಳಿಯಲ್ಲಿ, ಕಾಲು ನೆಲಕ್ಕೆ ಬಂದದ್ದು ಮೊದಲ ಸಲ. ಬಿದ್ದದ್ದು ತಪ್ಪಲ್ಲ. ಮೇಲುನೋಟಕ್ಕೆ ಎರಡೂ ಒಂದೇ ಥರ ಕಾಣುತ್ತವೆ. ರೆಫ್ರಿ ಆಟಗಾರನ ಬೆನ್ನು ನೋಡದೆ ಕಾಲು ನೋಡುತ್ತಿದ್ದರೆ ಮಾತ್ರ ವ್ಯತ್ಯಾಸ ಸಿಗುತ್ತದೆ. ಚೆಂಡು ಹಿಡಿತಕ್ಕೆ ಬಂದದ್ದು ಯಾವಾಗ ಅನ್ನುವುದೂ ಮುಖ್ಯ. ಕೈಯಿಂದ ಜಾರಿ ಪುಟಿಯುತ್ತಿರುವ ಚೆಂಡನ್ನು ಬಾಚಿಕೊಳ್ಳುತ್ತಾ ಯಾರಾದರೂ ನಾಲ್ಕು ಹೆಜ್ಜೆ ಓಡಿದರೂ ಅದು ಟ್ರಾವೆಲ್ ಅಲ್ಲ, ಯಾಕೆಂದರೆ ಚೆಂಡು ಅವರ ಹಿಡಿತದಲ್ಲಿ ಇರಲೇ ಇಲ್ಲ.

ಈ ನಿಯಮ ಬೇರೆ ಕಡೆಗಿಂತ ನಮ್ಮ ಕಡೆ ಜಾಸ್ತಿ ಮುಖ್ಯ ಅಂತ ನಾನು ಹೇಳುವುದಕ್ಕೆ ಕಾರಣ ನಮ್ಮ ನೆಲ. ದೊಡ್ಡ ಪಂದ್ಯಗಳು ನಡೆಯುವುದು ಒಳಾಂಗಣದ ಮರದ ನೆಲದ ಮೇಲೆ. ಬೆವರು ಬಿದ್ದರೆ ಒರೆಸಲು ಅಲ್ಲಿ ಜನ ಇರುತ್ತಾರೆ. ನಮ್ಮ ಶಾಲೆ, ಕಾಲೇಜುಗಳ ಅಂಗಳ ಬಯಲಿನಲ್ಲಿರುವ ಸಿಮೆಂಟು ನೆಲ. ಬಳ್ಳಾರಿಯಿಂದ ಸಂಡೂರು, ತೋರಣಗಲ್ಲು ಕಡೆ ಹೋದರೆ ಅದಿರಿನ ಕೆಂಪು ಧೂಳು. ಕೊಪ್ಪಳದ ಗಿಣಿಗೇರಾ ಸುತ್ತ ಕಾರ್ಖಾನೆ ಧೂಳು. ರಾಯಚೂರಿನ ಬೇಸಿಗೆಯಲ್ಲಿ ಗಾಳಿ ಬೀಸಿದರೆ ಮಣ್ಣು ಎದ್ದು ಬಂದು ಅಂಗಳದ ಮೇಲೆ ಕೂರುತ್ತದೆ. ಬೆಳಿಗ್ಗೆ ಗುಡಿಸಿದರೆ ಮಧ್ಯಾಹ್ನಕ್ಕೆ ಮತ್ತೆ ಮರಳು. ಅದರ ಮೇಲೆ ತಳ ಸವೆದ ಶೂ. ಕೆಲವು ಮಕ್ಕಳ ಕಾಲಲ್ಲಿ ಅದೂ ಇರುವುದಿಲ್ಲ. ಜೋರಾಗಿ ಓಡಿ ನಿಲ್ಲಲು ಹೋದರೆ ಕಾಲು ಜಾರದೆ ಏನಾಗುತ್ತದೆ?

ಹೀಗಿರುವಾಗ ಬಿದ್ದವರಿಗೆಲ್ಲ ಟ್ರಾವೆಲ್ ಕೊಟ್ಟರೆ ಮಕ್ಕಳನ್ನು ಅಂಗಳದ ಧೂಳಿಗಾಗಿ ಶಿಕ್ಷಿಸಿದಂತೆ ಆಗುತ್ತದೆ. ನನಗೆ ಇದು ಸಣ್ಣ ವಿಷಯ ಅಲ್ಲ. ಇದರ ಕೆಟ್ಟ ಪರಿಣಾಮ ಒಂದು ಚೆಂಡು ಕಳೆದುಕೊಳ್ಳುವುದಕ್ಕೆ ಮುಗಿಯುವುದಿಲ್ಲ. ಬಿದ್ದರೆ ಟ್ರಾವೆಲ್ ಅಂತ ಕಲಿತ ಹುಡುಗಿ ಬೀಳುತ್ತಿದ್ದಂತೆ ಗಾಬರಿಯಿಂದ ಚೆಂಡನ್ನು ಎಲ್ಲಿಗೋ ಎಸೆದುಬಿಡುತ್ತಾಳೆ. ಅದು ಸೀದಾ ಎದುರಾಳಿಯ ಕೈಗೆ ಹೋಗುತ್ತದೆ. ಸ್ವಲ್ಪ ದಿನ ಕಳೆದರೆ ಯಾರ ಹಿಡಿತದಲ್ಲೂ ಇಲ್ಲದ ಲೂಸ್ ಬಾಲ್‌ಗೆ ಡೈವ್ ಹೊಡೆಯುವುದನ್ನೇ ಬಿಡುತ್ತಾಳೆ. ಹೇಗೂ ಸೀಟಿ ಬೀಳುತ್ತದೆ, ಸುಮ್ನೆ ಮೊಣಕಾಲು ಯಾಕೆ ಕೆರೆದುಕೊಳ್ಳಬೇಕು ಅಂತ. ಶಾಲಾ ಕ್ರೀಡಾಕೂಟ ತಾಲೂಕಿನಿಂದ ಜಿಲ್ಲೆಗೆ, ಅಲ್ಲಿಂದ ಕಲಬುರಗಿ ವಿಭಾಗಕ್ಕೆ, ಆಮೇಲೆ ರಾಜ್ಯ ಮಟ್ಟಕ್ಕೆ ಹೋಗುತ್ತದೆ. ಅಲ್ಲಿಯವರೆಗೆ ಮುಟ್ಟಿದ ನಮ್ಮ ಮಕ್ಕಳು, ಎದುರು ತಂಡದವರು ಬಿದ್ದು ಚೆಂಡು ಹಿಡಿದುಕೊಂಡೇ ಪಾಸ್ ಕೊಟ್ಟಾಗ ಆಟ ನಿಲ್ಲಿಸಿ ರೆಫ್ರಿ ಮುಖ ನೋಡುತ್ತಾ ನಿಂತರೆ, ಆ ಹೊತ್ತಿಗೆ ಬುಟ್ಟಿಗೆ ಚೆಂಡು ಬಿದ್ದಿರುತ್ತದೆ.

ಬೀಳುವುದನ್ನು ನೋಡುವಾಗ ರೆಫ್ರಿ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇನ್ನೊಂದಿದೆ. ಇವನು ಯಾಕೆ ಬಿದ್ದ? ಎದುರಾಳಿ ತಳ್ಳಿ ಬಿದ್ದಿದ್ದರೆ ಅದು ಫೌಲ್, ಟ್ರಾವೆಲ್ ಮಾತೇ ಬರುವುದಿಲ್ಲ. ಕೆಳಗೆ ಬಿದ್ದವನ ಮೇಲೆ ಚೆಂಡಿಗಾಗಿ ಇನ್ನೊಬ್ಬ ಹಾರಿ ಕೂತರೆ ಅದೂ ಫೌಲ್. ತಳ್ಳಿಸಿಕೊಂಡು ಬಿದ್ದ ಹುಡುಗನಿಗೇ ಟ್ರಾವೆಲ್ ಕೊಟ್ಟು ಚೆಂಡು ಕಸಿಯುವುದಕ್ಕಿಂತ ದೊಡ್ಡ ಅನ್ಯಾಯ ಈ ಆಟದಲ್ಲಿ ಕಡಿಮೆ. ಯಾರೂ ಮುಟ್ಟದೆ ಫೌಲ್ ಸಿಗಲಿ ಅಂತ ನಾಟಕವಾಗಿ ಬಿದ್ದರೆ ಅದಕ್ಕೆ ಬೇರೆಯದೇ ನಿಯಮ ಇದೆ. ಅದನ್ನೂ ಟ್ರಾವೆಲ್‌ಗೆ ಬೆರೆಸಬಾರದು.

ಈಗ ಗೊಂದಲಕ್ಕೆ ಇನ್ನೊಂದು ಬಾಗಿಲು ತೆರೆದಿದೆ, ಅದು ಮೊಬೈಲ್. ನಮ್ಮ ಮಕ್ಕಳು ದಿನಾ ಅಮೆರಿಕದ ಆಟದ ತುಣುಕು ನೋಡುತ್ತಾರೆ. ಅಲ್ಲಿ ಒಂದೊಂದು ಮಟ್ಟಕ್ಕೆ ಒಂದೊಂದು ನಿಯಮ. ಅಮೆರಿಕದ ಹೈಸ್ಕೂಲ್ ನಿಯಮದಲ್ಲಿ ಚೆಂಡು ಹಿಡಿದು ನಿಂತವನ ಮೊಣಕಾಲು ನೆಲಕ್ಕೆ ತಾಗಿದರೂ ಟ್ರಾವೆಲ್. ಕೈ, ಪಾದ ಬಿಟ್ಟು ಬೇರೆ ಯಾವ ಭಾಗವೂ ನೆಲ ಮುಟ್ಟುವಂತಿಲ್ಲ. ಅಂದರೆ ನಮ್ಮ ಅಂಗಳದ ನಂಬಿಕೆ ಅಲ್ಲಿ ನಿಜಕ್ಕೂ ನಿಯಮ! ಆದರೆ ಲೂಸ್ ಬಾಲ್‌ಗೆ ಡೈವ್ ಹೊಡೆದು ಹಿಡಿದು ಜಾರಿದರೆ ಅಲ್ಲಿಯೂ ಸರಿ. ಅಲ್ಲಿನ ವೃತ್ತಿಪರ ಲೀಗ್ ಎನ್‌ಬಿಎ ನಿಯಮ ಬೇರೆ ದಾರಿ ಹಿಡಿಯುತ್ತದೆ. ಬಿದ್ದ ಆಟಗಾರ ಜಾರುವುದರಿಂದ ಲಾಭ ಮಾಡಿಕೊಳ್ಳಬಾರದು ಅನ್ನುತ್ತದೆ. ಲಾಭ ಆಯಿತೋ ಇಲ್ಲವೋ ಅನ್ನುವುದನ್ನು ರೆಫ್ರಿಯ ಕಣ್ಣಿಗೆ ಬಿಡುತ್ತದೆ. ಮೂರೂ ಒಂದೇ ಆಟ, ಮೂರು ಉತ್ತರ. ಅಂತರ್ಜಾಲದಲ್ಲಿ ವಿವರಣೆ ಹುಡುಕಿದವನಿಗೆ ಯಾವುದು ಸಿಕ್ಕಿದೆಯೋ ಅದೇ ಸತ್ಯ ಆಗುತ್ತದೆ. ನನ್ನ ಮಟ್ಟಿಗೆ ಫಿಬಾದ್ದೇ ಹೆಚ್ಚು ನ್ಯಾಯವಾದದ್ದು. ಬಯಲು ಅಂಗಳಗಳಿಗಂತೂ ಅದೇ ಸರಿ.

ಎನ್‌ಬಿಎ ನೋಡಿ ಕಲಿತ ಇನ್ನೊಂದು ಅಭ್ಯಾಸವೂ ಇಲ್ಲಿ ಕೈ ಕೊಡುತ್ತದೆ. ಬಿದ್ದ ಆಟಗಾರ ಸುತ್ತ ಮುತ್ತಿಗೆ ಬಿದ್ದ ತಕ್ಷಣ ಟೈಮ್‌ಔಟ್ ಕೂಗುತ್ತಾನೆ, ಅಲ್ಲಿ ಅದು ಸಿಗುತ್ತದೆ. ಫಿಬಾದಲ್ಲಿ ಟೈಮ್‌ಔಟ್ ಕೇಳುವವರು ಕೋಚ್ ಅಥವಾ ಮೊದಲ ಸಹಾಯಕ ಕೋಚ್ ಮಾತ್ರ, ಅದೂ ಸ್ಕೋರರ್ ಮೇಜಿನವರ ಕಣ್ಣಿಗೆ ಬೀಳುವಂತೆ ಸನ್ನೆ ಮಾಡಿ ಅಥವಾ ಮೇಜಿನ ಹತ್ತಿರ ಹೋಗಿ. ಆಟ ನಡೆಯುತ್ತಿರುವಾಗ ನೆಲದ ಮೇಲಿಂದ ಹುಡುಗ ಎಷ್ಟೇ ಕೂಗಿದರೂ ಏನೂ ಆಗುವುದಿಲ್ಲ. ಕೂಗುವ ಹೊತ್ತಿನಲ್ಲಿ ಎದುರಾಳಿಯ ಎರಡು ಕೈ ಚೆಂಡಿನ ಮೇಲೆ ಗಟ್ಟಿಯಾಗಿ ಕೂರುತ್ತವೆ. ಹೆಲ್ಡ್ ಬಾಲ್. ಆಮೇಲೆ ಚೆಂಡು ಯಾರಿಗೆ ಅನ್ನುವುದನ್ನು ಮೇಜಿನ ಮೇಲಿನ, ಸರದಿ ಯಾರದು ಅಂತ ತೋರಿಸುವ ಬಾಣದ ಗುರುತು ಹೇಳುತ್ತದೆ.

ಹಾಗಾದರೆ ಬಿದ್ದವನ ಕೈಯಲ್ಲಿ ಏನಿದೆ? ಪಾಸ್ ಇದೆ, ಶಾಟ್ ಇದೆ. ಹೌದು, ಮಲಗಿದ್ದಲ್ಲಿಂದ ಬುಟ್ಟಿಗೆ ಎಸೆಯುವುದಕ್ಕೂ ಅಡ್ಡಿ ಇಲ್ಲ. ಬೀಳುವ ಮೊದಲು ಡ್ರಿಬಲ್ ಮಾಡಿ ನಿಲ್ಲಿಸಿರದಿದ್ದರೆ ಡ್ರಿಬಲ್ ಕೂಡ ಇದೆ. ನಿಲ್ಲಿಸಿದ್ದರೆ ಮತ್ತೆ ಮಾಡುವಂತಿಲ್ಲ, ಅದು ಡಬಲ್ ಡ್ರಿಬಲ್. ಎದುರಾಳಿ ಒಂದು ಮೀಟರ್ ಒಳಗೆ ಬಂದು ಕಾಯುತ್ತಿದ್ದರೆ 5 ಸೆಕೆಂಡ್ ಒಳಗೆ ಏನಾದರೂ ಮಾಡಲೇಬೇಕು. ಗೆರೆಗಳ ಲೆಕ್ಕವೂ ಇದೆ. ಜಾರುವುದು ತಪ್ಪಲ್ಲ ನಿಜ. ಆದರೆ ಜಾರಿ ಜಾರಿ ಮೈಯ ಯಾವ ಭಾಗ ಹೊರಗೆರೆಗೆ ತಾಗಿದರೂ ಚೆಂಡು ಹೊರಹೋಯಿತು ಅಂತಲೇ ಅರ್ಥ. ಅಂಗಳದ ಎದುರಾಳಿ ಬುಟ್ಟಿ ಇರುವ ಅರ್ಧದಲ್ಲಿ ಚೆಂಡಿನ ಹಿಡಿತ ಇರುವ ತಂಡದವನು ಚೆಂಡು ಹಿಡಿದು ನಡುಗೆರೆಗೆ ಜಾರಿದರೆ, ಚೆಂಡನ್ನು ತನ್ನ ಅರ್ಧಕ್ಕೆ ವಾಪಸ್ ಒಯ್ದ ಬ್ಯಾಕ್‌ಕೋರ್ಟ್ ತಪ್ಪು. ಇವು ಟ್ರಾವೆಲ್ ಅಲ್ಲ, ಆದರೆ ಚೆಂಡು ಹೋಗುವುದು ಹೋಗುತ್ತದೆ.

ಒಂದಿಷ್ಟು ಮಸುಕು ಜಾಗಗಳೂ ಇವೆ, ಅವನ್ನು ಮುಚ್ಚಿಡಬಾರದು. ಏಳಲು ‘ಪ್ರಯತ್ನಿಸುವುದು’ ಎಲ್ಲಿಂದ ಶುರುವಾಗುತ್ತದೆ? ಪೂರ್ತಿ ಎದ್ದು ನಿಲ್ಲುವವರೆಗೆ ಕಾಯಬೇಕಾಗಿಲ್ಲ, ಪ್ರಯತ್ನವೇ ಸಾಕು. ಮಲಗಿದವನು ಪಾಸ್ ಕೊಡಲು ಜಾಗ ನೋಡುತ್ತಾ ಎದ್ದು ಕೂತರೆ ನಾನು ಅದನ್ನು ನಿಲ್ಲುವ ಪ್ರಯತ್ನ ಅನ್ನುವುದಿಲ್ಲ. ಮೊಣಕಾಲೂರಿ ಸೊಂಟ ಎತ್ತಿದರೆ ಅನ್ನುತ್ತೇನೆ. ಡೈವ್ ಹೊಡೆದ ರಭಸಕ್ಕೆ ಮೈ ತಾನೇ ಮಗುಚಿಕೊಂಡರೆ? ನಿಯಮದ ಮಾತು ಉರುಳಿದರೆ ತಪ್ಪು ಅಂತಲೇ ಇದೆ. ರೆಫ್ರಿ ಆ ಕ್ಷಣದಲ್ಲಿ ಯಾವ ಕಡೆ ತೀರ್ಪು ಕೊಡುತ್ತಾರೋ ಹೇಳಲಾಗದು. ಹಾಗಾಗಿ ಮಕ್ಕಳಿಗೆ ಹೊಟ್ಟೆಯ ಮೇಲೆ ಬಿದ್ದರೆ ಹೊಟ್ಟೆಯ ಮೇಲೇ, ಪಕ್ಕಕ್ಕೆ ಬಿದ್ದರೆ ಪಕ್ಕಕ್ಕೇ ನಿಲ್ಲುವುದನ್ನು ಕಲಿಸುವುದು ಜಾಣತನ.

ಕಲಿಸುವುದೇನೂ ಕಷ್ಟವಿಲ್ಲ. ಹಳೆಯ ಜಮಖಾನೆಯೋ ಮ್ಯಾಟೋ ಹಾಸಿ, ಅದರ ಮೇಲೆ ಚೆಂಡು ಹಿಡಿದು ಮಲಗಿಸಿ. ಒಬ್ಬ ಎದುರಾಳಿ ಚೆಂಡು ಕಸಿಯಲು ಬರಲಿ, ಇಬ್ಬರು ಜೊತೆಗಾರರು ಬಾ ಬಾ ಅಂತ ಕರೆಯಲಿ. ಮಲಗಿದವನು ಒಂದು ಸಲ ಪಾಸ್ ಕೊಡಲಿ, ಇನ್ನೊಂದು ಸಲ ಡ್ರಿಬಲ್ ಮಾಡುತ್ತಾ ಏಳಲಿ. ಜೊತೆಗಾರರಿಗೂ ಇದು ಪಾಠ. ಒಬ್ಬ ಬಿದ್ದ ಅಂದರೆ ಉಳಿದವರು ದೂರ ನಿಂತು ನೋಡಬಾರದು, ಅವನ ಕಣ್ಣಿಗೆ ಬೀಳುವ ಜಾಗಕ್ಕೆ ಓಡಬೇಕು. ಮೊಣಕಾಲಿಗೆ ಪ್ಯಾಡ್ ಕೊಡಿಸಿದರೆ ಇನ್ನೂ ಒಳ್ಳೆಯದು, ನಮ್ಮ ಸಿಮೆಂಟು ನೆಲಕ್ಕೆ ಅದು ಬೇಕೇ ಬೇಕು. ಅಂಗಳವನ್ನು ಪಂದ್ಯದ ಮುಂಚೆ ಮಾತ್ರ ಅಲ್ಲ, ಅರ್ಧ ಆಟದ ಬಿಡುವಿನಲ್ಲೂ ಒಮ್ಮೆ ಗುಡಿಸಿಸಿ.

ಪಂದ್ಯ ಶುರುವಾಗುವ ಮುಂಚೆ ಎರಡೂ ತಂಡದ ಕೋಚ್‌ಗಳು ರೆಫ್ರಿಗಳ ಹತ್ತಿರ ಈ ಒಂದು ವಿಷಯ ಮಾತಾಡಿಕೊಳ್ಳುವುದು ಒಳ್ಳೆಯದು. ಯಾಕೆಂದರೆ ತಪ್ಪಾಗಿ ಊದಿದ ಟ್ರಾವೆಲ್ ಸೀಟಿಯನ್ನು ಆಮೇಲೆ ವಾಪಸ್ ಪಡೆಯಲು ದಾರಿ ಇಲ್ಲ. ಫಿಬಾ ನಿಯಮದಲ್ಲಿ ತಿದ್ದಬಹುದಾದ ತಪ್ಪುಗಳು ಅಂತ ಕೆಲವು ಇವೆ, ಅವು ಹೆಚ್ಚಾಗಿ ಫ್ರೀ ಥ್ರೋಗೆ ಸಂಬಂಧಿಸಿದವು. ಟ್ರಾವೆಲ್ ಅದರಲ್ಲಿಲ್ಲ. ಚೆಂಡು ‘ಸತ್ತು’, ಅಂದರೆ ಆಟ ನಿಂತು, ಗಡಿಯಾರವೂ ನಿಂತಿರುವಾಗ ನಾಯಕ ಮರ್ಯಾದೆಯಿಂದ ಹೋಗಿ, ‘ಸಾರ್, ಅವನು ಉರುಳಿದನಾ, ಏಳಲು ನೋಡಿದನಾ?’ ಅಂತ ಕೇಳಬಹುದು. ಎರಡೂ ಅಲ್ಲ ಅಂದರೆ ಮುಂದಿನ ಸಲ ಆ ರೆಫ್ರಿ ಸೀಟಿ ಬಾಯಿಗೆ ಇಡುವ ಮುಂಚೆ ಒಂದು ಕ್ಷಣ ಕಾಯುತ್ತಾರೆ.